ಹೊರಗಾದವರನ್ನು ಊರಿಗೆ ಕಳಿಸಿದ್ದು

ಮೊನ್ನೆ ನಿಮ್ಮವ್ವನ ಕಾಲೇಜಿನ ಕೋಣೆಯ ಬಾಗಿಲಿಗೆ ಪ್ರಾಧ್ಯಾಪಕಿ ಎಂಬ ಹೊಸ ಫಲಕ ಹಾಕಿದಾಗ ನೀವಿಬ್ಬರೂ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿರಿ. ಮನೆಗೆ ಬಂದ ಮೇಲೆ ಸಣ್ಣವಳು ಈ ಅಜ್ಜಿಯನ್ನು ಕೇಳಿದಳು: "ಆಯಿ, ಅವ್ವನ ಜೋಡಿ ಕೆಲಸಕ್ಕ ಸೇರಿದವರು ಎಂದೋ ಪ್ರೊಫೆಸರ್ ಆಗ್ಯಾರಂತ. ಅವ್ವಗ ಯಾಕ ಇಷ್ಟು ತಡಾ ಆತು?" ಒಲೆಯ ಕಡೆ ಮುಖ ಮಾಡಿದ್ದ ನಿಮ್ಮವ್ವ ಹಿಂದಿರುಗಿ ನೋಡದೆ, "ಆಗೂದಿತ್ತು, ಆತು" ಅಂದಳು. ನಾನು ಒಣಗಿದ ಬಟ್ಟೆ ತರುವ ನೆಪ ಹೇಳಿ ಮಾಳಿಗೆ ಹತ್ತಿದೆ. ಬಟ್ಟೆಗಳು ಇನ್ನೂ ಹಸಿಯಾಗಿದ್ದವು. ಸುಮ್ಮನೆ ಮಾಳಿಗೆಯ ಈ ತುದಿಯಿಂದ ಆ ತುದಿಗೆ ನಡೆದಾಡಿ ಕೆಳಗಿಳಿದೆ.

ತಡವಾಗಲು ಕಾರಣ ನಾನು. ಇದನ್ನು ನಿಮ್ಮವ್ವ ನಿಮಗೆ ಎಂದೂ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು. ಆದರೆ ಎದುರಿಗೆ ಕೂತು ಹೇಳುವುದು ನನ್ನಿಂದ ಆಗದು. ಮನೆಗೆ ಯಾರಾದರೂ ಬಂದರೆ ಚಹಾ ಇಟ್ಟು ಒಳಗೆ ಸರಿಯುವವಳು ನಾನು. ನಿಮ್ಮ ಅಜ್ಜ ಇದ್ದಾಗ ಇಬ್ಬರ ಮಾತನ್ನೂ ಅವರೇ ಆಡುತ್ತಿದ್ದರು. ಬರೆಯುವುದಾದರೆ ಕೈ ಅಷ್ಟು ಹಿಂಜರಿಯುವುದಿಲ್ಲ. ಗುಡೂರಿನ ಹತ್ತಿರ ನಮ್ಮ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಶುದ್ಧಬರಹದಲ್ಲಿ ನನ್ನದೇ ಮೊದಲ ನಂಬರು. ಮಾಸ್ತರರು ಉಳಿದ ಹುಡುಗರ ಪಾಟಿ ತಿದ್ದಲು ನನ್ನ ಕೈಗೆ ಕೊಡುತ್ತಿದ್ದರು. "ಬಾಯಾಗ ಹೆಂಗರ ಅನ್ರಿ, ಪಾಟಿ ಮ್ಯಾಲೆ ಪುಸ್ತಕದ್ದು ಬರಬೇಕು" ಎಂದು ಹೇಳುತ್ತಿದ್ದರು. ಆ ಮಾತು ನನ್ನ ಬೆರಳಲ್ಲಿ ಉಳಿದುಬಿಟ್ಟಿತು.

ಮದುವೆಯಾಗಿ ಬಂದದ್ದು ಇಳಕಲ್ಲಿನ ನೇಕಾರರ ಮನೆಗೆ. ನಿಮ್ಮ ಅಜ್ಜ ಮಗ್ಗದ ಕುಣಿಯಿಂದ ಎದ್ದ ಕೂಡಲೆ ಪೇಪರನ್ನು ಹಿಂದಿನಿಂದ ಓದುತ್ತಿದ್ದರು, ಆಟದ ಪುಟ ಮೊದಲು. ನಿಮ್ಮವ್ವ ಅವರ ತೊಡೆಯ ಮೇಲೆ ಕೂತು ಫೋಟೊ ನೋಡುವಳು. ಒಂದು ದಿನ, "ಅಪ್ಪಾ, ಹುಡುಗ್ಯಾರ ಆಟದ್ದು ಯಾವ ಪಾನಿನಾಗ ಬರತೈತಿ?" ಎಂದು ಕೇಳಿದಳು. ಅವರು ಪೇಪರ್ ಪೂರ್ತಿ ತಿರುವಿ ಹಾಕಿದರು. ಕೊನೆಗೆ ಒಂದು ಮೂಲೆಯಲ್ಲಿ, ಟ್ಯೂಷನ್ ಜಾಹೀರಾತಿನ ಕೆಳಗೆ ನಾಲ್ಕು ಸಾಲು ಸಿಕ್ಕಿತು. "ಇಲ್ಲೈತಿ ನೋಡು. ಕನ್ನಡಕ ಹಾಕ್ಕೊಂಡ ಹುಡುಕಬೇಕು" ಎಂದು ನಕ್ಕರು. ಅವಳು ನಗಲಿಲ್ಲ.

ಅವಳು ಓದಿ ಹುನಗುಂದದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು. ಪೇಪರ್ ಮತ್ತು ಟೀವಿಯವರು ಸುದ್ದಿ ಹೇಗೆ ಮಾಡುತ್ತಾರೆ ಎಂಬುದನ್ನು ಕಲಿಸುವ ಕೆಲಸ. ಡಾಕ್ಟರೇಟಿಗೆ ಅವಳು ಆರಿಸಿಕೊಂಡ ವಿಷಯ, ಆಡುವ ಹುಡುಗಿಯರ ಬಗ್ಗೆ ಪೇಪರಿನವರು ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಎಂಬುದು. ಜೊತೆಯ ಮಾಸ್ತರರಿಗೆ ಅದು ನಗೆಯ ವಿಷಯವಾಯಿತು. "ಮೇಡಂ, ಡಾಕ್ಟರೇಟ್ ಖೋಖೋದಾಗ ತಗೋತೀರೋ, ಕಬಡ್ಡಿದಾಗೋ?" ಎಂದು ಒಬ್ಬರು ದಿನಾ ಕೇಳುತ್ತಿದ್ದರಂತೆ. ಇವಳು, "ನಿಮ್ಮನ್ನ ಹಿಡದು ಕೂಡಿಸಿದ್ರ ಕಬಡ್ಡಿದಾಗ ಸಿಗತೈತಿ ಸರ್" ಅಂದಳಂತೆ. ಅವರು ಆಮೇಲೆ ಕೇಳಲಿಲ್ಲ. ಇಂಥ ಮಾತು ಅವಳಿಗೆ ಅಪ್ಪನಿಂದ ಬಂದದ್ದು, ನನ್ನಿಂದಲ್ಲ.

ಹುಡುಗ ಗೆದ್ದರೆ ಎಷ್ಟು ನಿಮಿಷದಲ್ಲಿ ಗೆದ್ದ ಎಂದು ಬರೆಯುತ್ತಾರೆ, ಹುಡುಗಿ ಗೆದ್ದರೆ ಯಾರ ಮಗಳು ಎಂದು ಬರೆಯುತ್ತಾರೆ ಎಂದು ಅವಳು ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಸೈಕಲ್ ರೇಸಿನಲ್ಲಿ ಮೊದಲು ಬಂದ ಹುಡುಗಿಯನ್ನು ಮನೆಗೆ ಹುಡುಕಿಕೊಂಡು ಹೋಗಿ, ರೊಟ್ಟಿ ಬಡಿಯುವಾಗಿನ ಫೋಟೊ ತೆಗೆದು ಹಾಕಿದ್ದನ್ನು ತಂದು ತೋರಿಸಿದಳು. ನನಗೆ ಆ ಫೋಟೊ ಚೆಂದವೇ ಕಂಡಿತು. ಅದನ್ನು ಹೇಳಲಿಲ್ಲ.

ನಿಮ್ಮ ಅಜ್ಜ ಹೋದ ಮೇಲೆ ನಾನು ಬಾಗಲಕೋಟೆಗೆ, ನವನಗರದ ಈ ಮನೆಗೆ ಬಂದೆ. ಅಷ್ಟು ಹೊತ್ತಿಗೆ ನಿಮ್ಮವ್ವನ ನೌಕರಿ ಇಲ್ಲಿ ಕಾಯಂ ಆಗಿತ್ತು. ನೀವು ಸಣ್ಣವರು. ಅವಳು ಆಗ ಒಂದು ಹೊಸ ಕೆಲಸ ಹಿಡಿದಿದ್ದಳು. ನಮ್ಮ ಕಡೆ ಹಳ್ಳಿಯ ಹುಡುಗಿಯರು ಸೈಕಲ್ ರೇಸಿಗೆ ಹೋಗುವುದು ಹೊಸದೇನಲ್ಲ. ಆದರೆ ಚೆನ್ನಾಗಿ ತುಳಿಯುವ ಹುಡುಗಿ ತಂಡದ ಆಯ್ಕೆಯ ದಿನ ಬರುವುದೇ ಇಲ್ಲ. ಪೇಪರಿನಲ್ಲಿ "ವೈಯಕ್ತಿಕ ಕಾರಣ" ಎಂದು ಎರಡು ಶಬ್ದ ಬರುತ್ತದೆ. ಆ ಎರಡು ಶಬ್ದಗಳ ಹಿಂದೆ ಏನಿದೆ ಎಂದು ಆ ಹುಡುಗಿಯರ ಬಾಯಿಂದಲೇ ಕೇಳಬೇಕು, ಅದನ್ನೂ ಪೇಪರಿನ ಮಾತನ್ನೂ ಎದುರುಬದುರು ಇಡಬೇಕು, ಇದು ಅವಳ ಕೆಲಸ. ತಾನೇ ಹೋದರೆ ಹುಡುಗಿಯರು ಹೆದರಿ ಮಾತಾಡುವುದಿಲ್ಲ ಎಂದು ತನ್ನ ವಿದ್ಯಾರ್ಥಿನಿಯರನ್ನು ಕಳಿಸಿದಳು. ಅವರು ಬಾದಾಮಿ, ಹುನಗುಂದ, ತುಳಸಿಗೇರಿಯ ಸುತ್ತಲಿನ ಹಳ್ಳಿಗಳಿಗೆ ಹೋಗಿ ಮೊಬೈಲಿನಲ್ಲಿ ಮಾತು ತುಂಬಿಕೊಂಡು ಬಂದರು.

ಅದನ್ನೆಲ್ಲ ಕೇಳಿ ಹಾಳೆಯ ಮೇಲೆ ಇಳಿಸುವವರು ಬೇಕಿತ್ತು. ಮೊದಲು ಒಬ್ಬ ಟೈಪಿಸ್ಟಿಗೆ ಕೊಟ್ಟಳು. ಅವನು ಮೈಸೂರು ಕಡೆಯವನು, ಅರ್ಧ ಮಾತು ತಿಳಿಯದೆ ಚುಕ್ಕಿ ಇಟ್ಟು ತಂದ. ನಾನು ಕಾಯಿಪಲ್ಲೆ ಹೆಚ್ಚುತ್ತ, "ನಂಗ ಕೊಡಾಕ ಬರೂದಿಲ್ಲೇನು" ಅಂದೆ. ಅಂದ ಮೇಲೆ ನನಗೇ ಗಾಬರಿಯಾಯಿತು.

ನಿಮ್ಮವ್ವ ಹಿಗ್ಗಿದಳು. ಕಿವಿಗೆ ಹಾಕಿಕೊಳ್ಳುವುದನ್ನು ತಂದುಕೊಟ್ಟಳು, ಉದ್ದ ಗೆರೆಯ ನೋಟುಪುಸ್ತಕ ತಂದುಕೊಟ್ಟಳು. ನೀವು ಸಾಲೆಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಹರವಿಕೊಂಡು ಕೂರುತ್ತಿದ್ದೆ. ರೊಟ್ಟಿ ಬಿಟ್ಟು ನನ್ನಿಂದ ಬೇರೆ ಏನಾದರೂ ಬೇಕಾದದ್ದು ಅದೇ ಮೊದಲು. ಹುಡುಗಿಯರು "ನಾ ಹೊಂಟೇನಿ" ಅನ್ನುವುದನ್ನು "ನಾನು ಹೊರಟಿದ್ದೇನೆ" ಎಂದು ಬರೆದೆ. ಮೊದಲಿನ ನಾಲ್ಕನ್ನು ನಿಮ್ಮವ್ವ ತಾನೇ ಕೇಳಿ ತಾಳೆ ನೋಡಿದಳು. "ಅವರು ಅಂದಾಂಗ ಬರಿ ಬೇ ಅವ್ವ. ನೀ ಎಲ್ಲಾರನ್ನೂ ಮಾಸ್ತರನ ಮಕ್ಕಳನ್ನ ಮಾಡೀದಿ" ಎಂದು ನಕ್ಕು, "ಉಳದದ್ದು ಬರೋಬ್ಬರಿ ಐತಿ" ಅಂದಳು. ಆಮೇಲೆ ತಾಳೆ ನೋಡಲಿಲ್ಲ. ನಾನು ಹೂಂ ಎಂದು, ಮೊದಲಿನ ಹಾಗೇ ಬರೆದೆ. ಓದಿದವರು ಆ ಹುಡುಗಿಯರನ್ನು ಹಳ್ಳಿಗುಗ್ಗುಗಳು ಅನ್ನಬಾರದಲ್ಲ.

ಐದನೆಯವಳೋ ಆರನೆಯವಳೋ, ಬಾದಾಮಿ ಹತ್ತಿರದ ಹುಡುಗಿ. ಆಯ್ಕೆಯ ದಿನ ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ ಆಕೆ ಅಂದಳು: "ಅವತ್ತ ನಾ ಹೊರಗಾಗಿದ್ನಿ. ಸೈಕಲ್ ಪಡಸಾಲ್ಯಾಗ ದೇವರ ಜಗಲಿ ಕೆಳಗಽ ನಿಂದರಸ್ತಾರ. ಕುಂಕುಮ ಹಚ್ಚಿದ್ದೈತಿ. ನಮ್ಮ ಆಯಿ ಮುಟ್ಟಗೊಡಲಿಲ್ಲ."

ನನ್ನ ಪೆನ್ನು ನಿಂತಿತು. ಸುತ್ತ ಯಾರೂ ಇಲ್ಲದಿದ್ದರೂ ಸೆರಗು ಸರಿಮಾಡಿಕೊಂಡೆ. ಈ ಹಾಳೆಯನ್ನು ಕಾಲೇಜಿನ ಗಂಡಸರು ಓದುತ್ತಾರೆ. ನಾಳೆ ಈ ಹುಡುಗಿಗೆ ಗಂಡು ನೋಡಬೇಕು. ನಾನು ಬರೆದೆ: "ಆ ದಿನ ನಾನು ಊರಿನಲ್ಲಿರಲಿಲ್ಲ. ಹನುಮಪ್ಪನ ದರ್ಶನಕ್ಕೆ ತುಳಸಿಗೇರಿಗೆ ಹೋಗಿದ್ದೆ."

ಸುಳ್ಳು ಬರೆದೆ ಎಂದು ಆಗ ಅನ್ನಿಸಲಿಲ್ಲ. ಅದು ಯಾಕೆ ಎಂದು ನಿಮಗೆ ತಿಳಿಸಬೇಕು. ಇಳಕಲ್ಲಿನ ಮನೆಯಲ್ಲಿ ತಿಂಗಳ ಆ ಮೂರು ದಿನ ನಾನು ಮಗ್ಗ ಮುಟ್ಟುವ ಹಾಗಿರಲಿಲ್ಲ, ಹಿತ್ತಲ ಕೋಣೆಯಲ್ಲಿ ಕೂರಬೇಕಿತ್ತು. ಸೀರೆ ಒಯ್ಯಲು ಬಂದ ವ್ಯಾಪಾರಿ "ಸೊಸಿ ಎಲ್ಲಿ ಕಾಣವಲ್ಲಳು" ಎಂದು ಕೇಳಿದರೆ ನಮ್ಮ ಅತ್ತೆ "ಊರಿಗಿ ಹೋಗ್ಯಾಳ" ಅನ್ನುತ್ತಿದ್ದರು. ಒಬ್ಬ ವ್ಯಾಪಾರಿಯಂತೂ, "ನಿಮ್ಮ ಸೊಸಿ ಪುಣ್ಯವಂತಿ ಬಿಡ್ರಿ, ತಿಂಗಳಾ ತವರಮನಿ" ಅಂದಿದ್ದ. ಗೋಡೆಯ ಆಚೆ ಕೂತು ಅದನ್ನು ಕೇಳಿಸಿಕೊಂಡಿದ್ದೆ. ಹಾಗೆ ಎಷ್ಟೋ ವರ್ಷ ನಾನು ಹಿತ್ತಲಲ್ಲಿ ಕೂತಲ್ಲೇ ಊರಿಗೆ ಹೋಗಿ ಬಂದವಳು. ನಮ್ಮ ಮನೆಯಲ್ಲಿ ಅದು ಮರ್ಯಾದೆಯ ಮಾತು. ಈ ಹುಡುಗಿಗೂ ಅದನ್ನೇ ಮಾಡಿದೆ.

ಆಮೇಲೆ ಇನ್ನೊಬ್ಬಳು ಅದೇ ಅಂದಳು. ಮತ್ತೊಬ್ಬಳು. ಒಬ್ಬಳ ತಾಯಿ ಅವತ್ತು ಅಂಗಳ ದಾಟಗೊಡಲಿಲ್ಲ, ಇನ್ನೊಬ್ಬಳಿಗೆ ಬಟ್ಟೆಗೆ ಕಲೆಯಾದೀತೆಂಬ ಹೆದರಿಕೆ. ಒಬ್ಬಳನ್ನು ಸೋದರತ್ತೆಯ ಊರಿಗೆ ಕಳಿಸಿದೆ, ಒಬ್ಬಳನ್ನು ಮದುವೆಗೆ, ಒಬ್ಬಳನ್ನು ಅಜ್ಜಿಯ ಮನೆಗೆ. ನನ್ನ ಲೆಕ್ಕಕ್ಕೆ ಒಟ್ಟು ಒಂಬತ್ತು ಜನ.

ಒಂದು ಸಂಜೆ ನಿಮ್ಮವ್ವ ನನ್ನ ಪುಸ್ತಕಗಳನ್ನು ಎದೆಗವಚಿಕೊಂಡು ಅಡಿಗೆಮನೆಗೆ ಬಂದಳು. "ಅವ್ವ, ಯಾರಿಗೂ ಸಿಗದ್ದು ನಂಗ ಸಿಕ್ಕೈತಿ. ಈ ಹುಡುಗ್ಯಾರನ್ನ ಮನಿಯವರು ಸೆಲೆಕ್ಷನ್ ಟೈಮಿಗೇ ಬೀಗರ ಊರಿಗಿ, ಗುಡಿಗಿ, ಮದಿವಿಗಿ ಕರಕೊಂಡ ಹೋಗ್ತಾರ. ಹುಡುಗರನ್ನ ಬಿಟ್ಟ ಹೋಗ್ತಾರ. ಇದು ಒಂದ ಮನ್ಯಾಗಲ್ಲ ಬೇ, ಅಲ್ಲೂ ಐತಿ, ಇಲ್ಲೂ ಐತಿ."

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಬಾಯಿ ತೆರೆದೆ. "ಚಹಾ ಮಾಡ್ಲೇನು?" ಅಂದೆ.

ಅವಳು ಅದರ ಮೇಲೆ ಪ್ರಬಂಧ ಬರೆದಳು. ಸಂಶೋಧನೆಯ ಬರಹಗಳನ್ನು ಅಚ್ಚು ಹಾಕುವ ಒಂದು ದೊಡ್ಡ ಪತ್ರಿಕೆ ಒಪ್ಪಿಕೊಂಡಿತು. ಪ್ರಾಧ್ಯಾಪಕರ ಹುದ್ದೆಗೆ ಸಂದರ್ಶನ ಬರುವುದಿತ್ತು, ಆ ಪ್ರಬಂಧ ಅಲ್ಲಿ ಅವಳ ಕೈ ಹಿಡಿಯುತ್ತದೆ ಎಂದು ಎಲ್ಲರೂ ಹೇಳಿದರು. ನಿಮ್ಮಪ್ಪ ಪೇಢೆ ತಂದರು. ನನಗೆ ಒಂದು ಕಡೆ ಕೂರುವುದು ಆಗದಾಯಿತು. ತೊಳೆದ ಪಾತ್ರೆ ಮತ್ತೆ ತೊಳೆದೆ. ಬೇಳೆ ಆರಿಸಿದ್ದನ್ನು ಮತ್ತೆ ಆರಿಸಿದೆ. ಬಾಗಿಲಿಗೆ ಹೋಗುವುದು, ಬರುವುದು. "ಆಯಿ, ಯಾರಾರ ಬರೋರದಾರೇನು?" ಎಂದು ನೀವು ಕೇಳುತ್ತಿದ್ದಿರಿ.

ಅಚ್ಚಿಗೆ ಹೋಗುವ ಮೊದಲು ಬಾದಾಮಿಯಲ್ಲಿ ಒಂದು ವಿಚಾರಗೋಷ್ಠಿ ಇತ್ತು. ಸೈಕಲ್ ತುಳಿಯುವ ಹುಡುಗಿಯರನ್ನೂ ಕರೆದಿದ್ದರು. ನಿಮ್ಮವ್ವ ನನ್ನನ್ನು ಬಿಡದೆ ಕರೆದುಕೊಂಡು ಹೋದಳು. ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತೆ. ನನ್ನ ಮುಂದೆ ಇಬ್ಬರು ಹುಡುಗಿಯರು, ಬಿಸಿಲಿಗೆ ಕಪ್ಪಾದ ಕೈಗಳು. ನಿಮ್ಮವ್ವ ಎಷ್ಟು ಚೆನ್ನಾಗಿ ಮಾತಾಡಿದಳು ಅಂದರೆ, ಎರಡು ನಿಮಿಷ ನನ್ನ ತಪ್ಪು ನನಗೇ ಮರೆತಿತ್ತು. ಆಮೇಲೆ, ಹೆಸರು ಹೇಳದೆ, ಗೆದ್ದ ರೇಸನ್ನು ಮಾತ್ರ ಹೇಳಿ, ಆಯ್ಕೆಯ ದಿನ ತುಳಸಿಗೇರಿಗೆ ಹೋದ ಹುಡುಗಿಯ ವಿಷಯಕ್ಕೆ ಬಂದಳು.

ಮುಂದಿನವರಲ್ಲಿ ಒಬ್ಬಳು ಇನ್ನೊಬ್ಬಳ ಪಕ್ಕೆ ತಿವಿದಳು. "ನಿಂದ ನೋಡ. ಹನಮಪ್ಪನ ಗುಡಿಗಿ ಹೋಗಿದ್ದೆಂತ."

"ನಾ ಯಾವಾಗ ಹೋಗಿದ್ನೆ? ಹೊರಗಾಗೇನಿ ಅಂತ ಬಾಯಿ ಬಿಟ್ಟ ಹೇಳೇನಿ."

"ಹೊರಗಾದಾಗ ಗುಡಿಗಿ ಹೋದಾಕಿ ನೀ ಒಬ್ಬಾಕಿನ. ದೊಡ್ಡಾಕಿ ಬಿಡವಾ."

ಇಬ್ಬರೂ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ನಗು ನಿಂತ ಮೇಲೆ ಆ ಹುಡುಗಿ ಅಂದಳು: "ಪೇಪರ್‌ದವರು ತಮಗ ಬೇಕಾದ್ದ ಬರದ್ರು. ಮೇಡಮ್ಮಾರೂ ತಮಗ ಬೇಕಾದ್ದ ಬರದ್ರು. ಮತ್ತ ನಮ್ಮನ್ಯಾಕ ಕೇಳಾಕ ಬಂದಿದ್ರೋ ಏನೋ."

ಸಭೆಯಲ್ಲಿ ಗಂಡಸರಿದ್ದರು. ಆಕೆ ಎದ್ದು ನಿಂತು ಹೇಳಲಿಲ್ಲ. ಹಿಂದೆ ಕೂತ ನಾನೂ ಹೇಳಲಿಲ್ಲ. ಚಪ್ಪಾಳೆ ಬಿತ್ತು.

ಬಸ್ಸಿನಲ್ಲಿ ಬಾಗಲಕೋಟೆಯವರೆಗೆ ನಿಮ್ಮವ್ವ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದ್ದಳು. ಮೂರು ಸಲ ಅವಳ ಹೆಸರು ಹಿಡಿದು ಕರೆಯಲು ಹೋಗಿ ಬಿಟ್ಟೆ. ಮರುದಿನ ಅಚ್ಚಿನ ಕೊನೆಯ ಪ್ರತಿ ಬಂತು. ಎರಡು ದಿನದಲ್ಲಿ ಒಪ್ಪಿಗೆ ಕಳಿಸಬೇಕಂತೆ. ಅವಳು ಕಾಲೇಜಿಗೆ ಹೋದ ಮೇಲೆ ನಾನು ಕಿವಿಗೆ ಹಾಕಿಕೊಂಡು ಆ ಬಾದಾಮಿ ಹುಡುಗಿಯ ಮಾತನ್ನು ಮತ್ತೆ ಕೇಳಿದೆ. ಒಂದೊಂದೇ ಶಬ್ದ, ಆಕೆ ಅಂದ ಹಾಗೆ. "ಹೊರಗಾಗಿದ್ನಿ" ಎಂದು ಬರೆಯುವ ಸಾಲು ಬಂತು. ಅತ್ತೆಯ ಧ್ವನಿ ಕಿವಿಯಲ್ಲಿ ಇತ್ತು. ಆದರೂ ಬರೆದೆ.

ಸಂಜೆ ಚಹಾದ ಜೊತೆ ಆ ಹಾಳೆ ಇಟ್ಟೆ. ನಿಮ್ಮವ್ವ ನಿಂತೇ ಓದಿದಳು.

"ಇದ್ಯಾವುದು ಬೇ?"

"ಮೊದಲಽ ಬರೀಬೇಕಾಗಿದ್ದು."

ಮತ್ತೆ ಓದಿದಳು. ಕುರ್ಚಿ ಎಳೆದು ಕೂತಳು. "ಎಷ್ಟು ಮಂದೀನ ಊರಿಗಿ ಕಳಿಸೀದಿ?"

"ಒಂಬತ್ತು."

ಅವಳಿಗೆ ನಗು ಬಂತು, ಮುಖದ ಮೇಲೆ ಬಂದು ಅರ್ಧಕ್ಕೇ ನಿಂತಿತು. "ಇಷ್ಟು ವರ್ಷ ಪೇಪರ್‌ದವರಿಗೆ ಬೈದೇನಿ ಬೇ, ಹುಡುಗ್ಯಾರ ಮಾತು ತೊಳದು ಒಣಗಿಸಿ ಹಾಕ್ತೀರಿ ಅಂತ. ಮನ್ಯಾಗ ನೀ ಅದನ್ನ ಮಾಡಕೋತ ಕುಂತೀದಿ."

"ಗಣಮಕ್ಕಳು ಓದತಾರಲ್ಲವಾ."

"ಅವರು ಓದ್ಲಿ ಅಂತನ ಬರಿಯೂದು."

ಚಹಾ ಕುಡಿಯದೆ ಎದ್ದಳು. ಒಳಗೆ ಬಾಗಿಲು ಹಾಕಿಕೊಂಡಳು. ನಾನು ಬಾಗಿಲ ಹೊರಗೆ ನಿಂತು, "ಬರಕೊಂಡವರು ತಪ್ಪ ಮಾಡ್ಯಾರ ಅಂತ ಹಾಕು. ಎರಡು ಸಾಲು ತಿದ್ದಿದ್ರ ನಡೀತೈತಿ" ಅಂದೆ. ಒಳಗಿನಿಂದ ಅವಳ ಧ್ವನಿ ಬಂತು: "ಎರಡು ಸಾಲಲ್ಲ. ಪೂರ್ತಿ ಪ್ರಬಂಧ ಅದರ ಮ್ಯಾಲೆ ನಿಂತೈತಿ. ತಾಳೆ ನೋಡಬೇಕಾದಾಕಿ ನಾನು. ನೋಡಲಿಲ್ಲ. ಅದನ್ನ ಬರೀತೇನಿ." ಅಂದೇ ಪತ್ರಿಕೆಗೆ ಬರೆದು ಪ್ರಬಂಧ ವಾಪಸು ತೆಗೆದುಕೊಂಡಳು. ಪತ್ರದಲ್ಲಿ ನನ್ನ ಸುದ್ದಿ ಇರಲಿಲ್ಲ. ಹೊರಗೆ ಬಂದು ಮುಖ ತೊಳೆದುಕೊಂಡು, "ಪ್ರಬಂಧನೂ ಹೊರಗಾತ ಬಿಡು" ಅಂದಳು.

ಸಂದರ್ಶನಕ್ಕೆ ಆ ಪ್ರಬಂಧವಿಲ್ಲದೆ ಹೋದಳು. ಆ ಸಲ ಆಗಲಿಲ್ಲ. ಜೊತೆಯವರು ಮುಂದೆ ಹೋದರು. ಮನೆಯಲ್ಲಿ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಒಂದು ವಾರ ನನ್ನನ್ನು "ಬೇ" ಎಂದು ಕರೆಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೊಸ ನೋಟುಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟಳು. "ಎಲ್ಲಾ ಮತ್ತ ಕೇಳಿ ಬರಿ. ನೀನಽ ಬರಿ. ಈ ಸಲ ಒಂದೊಂದೂ ನಾ ತಾಳೆ ನೋಡ್ತೇನಿ."

ಇನ್ನೊಂದು ಕೆಲಸವೂ ಇತ್ತು. ಆ ಮಾತನ್ನು ಅಚ್ಚು ಹಾಕಬಹುದೇ ಎಂದು ಒಂಬತ್ತೂ ಹುಡುಗಿಯರನ್ನು ಕೇಳಬೇಕು. ನಾನೂ ಬರಬೇಕೆಂದಳು. ಮೊದಲು ಹೋದದ್ದು ಬಾದಾಮಿ ಹತ್ತಿರದ ಆ ಮನೆಗೆ. ಸೈಕಲ್ ಪಡಸಾಲೆಯಲ್ಲಿ ನಿಂತಿತ್ತು, ಹ್ಯಾಂಡಲಿಗೆ ಕುಂಕುಮ. ನನ್ನ ವಯಸ್ಸಿನ ಮುದುಕಿ, ಆ ಹುಡುಗಿಯ ಆಯಿ, ಶೇಂಗಾ ಒಡೆಯುತ್ತ ಕೂತಿದ್ದಳು. ನಿಮ್ಮವ್ವ ನನ್ನನ್ನು ನೋಡಿದಳು.

"ನಿನ್ನ ತುಳಸಿಗೇರಿಗಿ ಕಳಿಸಿದಾಕಿ ನಾನವ್ವ" ಅಂದೆ. ಧ್ವನಿ ನನಗೇ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು.

ಹುಡುಗಿ ನನ್ನನ್ನು ನೋಡಿದಳು. "ಹೌದೇನ್ರಿ? ಬೆಂಗಳೂರಾಗ ಯಾರೋ ಬರದಾರಂತ ತಿಳಕೊಂಡಿದ್ನಿ. ನೀವು ನಮ್ಮ ಕಡಿಯವರಽ." ಮುದುಕಿ ಏನೆಂದು ಕೇಳಿದಳು. ಹುಡುಗಿ ಅವಳ ಕಿವಿಯಲ್ಲಿ ಕೂಗಿ ಹೇಳಿದಳು. ಮುದುಕಿ ಶೇಂಗಾದ ಸಿಪ್ಪೆ ಊದಿ, "ಛಲೋ ಮಾಡ್ಯಾಳ. ನಾನಾದ್ರೂ ಹಾಂಗ ಬರೀತಿದ್ನಿ" ಅಂದಳು. ಹುಡುಗಿ ನಕ್ಕಳು, ನಿಮ್ಮವ್ವನೂ ನಕ್ಕಳು. ನಾನು ನಗಲಿಲ್ಲ. ಆ ಮುದುಕಿ ನನ್ನ ಪರ ನಿಂತದ್ದು ನನಗೆ ಸಮಾಧಾನ ಕೊಡಲಿಲ್ಲ.

"ಬರೀರಿ" ಅಂದಳು ಹುಡುಗಿ. "ಆದ್ರ ಆಯಿನ್ನ ಕೆಟ್ಟಾಕಿ ಮಾಡಬ್ಯಾಡ್ರಿ. ಅವತ್ತ ನಾ ಉಣಲಿಲ್ಲಂತ ಆಕಿನೂ ಉಂಡಿಲ್ಲ. ಅದನ್ನೂ ಬರೀರಿ." ಮೊಬೈಲಿನ ಮಾತಿನಲ್ಲಿ ಅದು ಇರಲಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ, ಓದಿ ಹೇಳಿದೆ. ಆಕೆ ಎರಡು ಕಡೆ ತಿದ್ದಿಸಿದಳು.

ಎರಡು ತಿಂಗಳು ಹೀಗೆ ತಿರುಗಿದೆವು. ಇಬ್ಬರು ಬೇಡ ಅಂದರು, ಅವರದನ್ನು ಬಿಟ್ಟಳು. ಉಳಿದವರ ಮಾತಿನಿಂದ ನಿಮ್ಮವ್ವ ಬೇರೆ ಪ್ರಬಂಧ ಬರೆದಳು. ಅದು ಅಚ್ಚಾಗಲು, ಮುಂದಿನ ಸಂದರ್ಶನ ಬರಲು ವರ್ಷಗಳು ಹಿಡಿದವು. ಸಣ್ಣವಳು ಕೇಳಿದ್ದಕ್ಕೆ ಉತ್ತರ ಇಷ್ಟು.

ಆದರೆ ಒಬ್ಬಳು ಸಿಗಲಿಲ್ಲ. ಹುನಗುಂದದ ಕಡೆಯವಳು. ನಾವು ಹೋಗುವಷ್ಟರಲ್ಲಿ ಮದುವೆಯಾಗಿತ್ತು. ಅವಳ ತಾಯಿ ಬಾಗಿಲಲ್ಲೇ ನಿಂತು, "ಆಕಿ ಗಂಡನ ಮನ್ಯಾಗ ಚಂದಾಗಿ ಅದಾಳ್ರಿ. ಸೈಕಲ್ದ ಮಾತು ಈಗ್ಯಾಕ" ಎಂದು ನಂಬರು ಕೊಡಲಿಲ್ಲ. ಅವಳ ಮಾತು ತುಂಬಿಕೊಂಡು ಬಂದ ವಿದ್ಯಾರ್ಥಿನಿ ಅದನ್ನು ನನ್ನ ಮೊಬೈಲಿಗೆ ಮಾತ್ರ ಕಳಿಸಿದ್ದಳು, ಆಮೇಲೆ ತನ್ನ ಮೊಬೈಲನ್ನು ಬದಲಿಸಿದ್ದಳು. ನಾನು ಬರೆದು ಮುಗಿಸಿದ ಮೇಲೆ ಮೊಬೈಲ್ ತುಂಬಿತೆಂದು ಅಳಿಸಿಬಿಟ್ಟಿದ್ದೆ. ಈಗ ಉಳಿದಿರುವುದು ನನ್ನ ಹಳೆಯ ಪುಸ್ತಕದ ಒಂದು ಸಾಲು: "ಆ ದಿನ ನಾನು ಅಜ್ಜಿಯ ಊರಿಗೆ ಹೋಗಿದ್ದೆ."

"ಖರೇನ ಹೋಗಿದ್ಲೋ, ನೀ ಕಳಿಸಿದ್ಯೋ?" ಎಂದು ನಿಮ್ಮವ್ವ ಕೇಳಿದಳು. ನಾನು ಒಂಬತ್ತು ಎಂದದ್ದು ನೆನಪಿನ ಲೆಕ್ಕ, ಮತ್ತೆ ಕೇಳಿದಾಗ ಸಿಕ್ಕವರು ಎಂಟೇ ಜನ. ಇವಳು ಆ ಒಂಬತ್ತನೆಯವಳೋ, ಅಥವಾ ನನ್ನ ಲೆಕ್ಕವೇ ತಪ್ಪಿ, ನಿಜವಾಗಿ ಅಜ್ಜಿಯ ಊರಿಗೆ ಹೋಗಿದ್ದವಳೋ, ಎಷ್ಟು ನೆನೆದರೂ ಗಟ್ಟಿಯಾಗುವುದಿಲ್ಲ. "ಹಂಗಾರ ಆಕಿನ್ನ ಬಿಡಬೇಕಾಗತೈತಿ" ಎಂದು ನಿಮ್ಮವ್ವ ಆ ಹಾಳೆಯನ್ನು ತೆಗೆದು ಬೇರೆ ಇಟ್ಟಳು. ಹೊಸ ಪ್ರಬಂಧದಲ್ಲಿ ಆ ಹುಡುಗಿ ಎಲ್ಲಿಯೂ ಇಲ್ಲ.

ಮೊಬೈಲಿನಲ್ಲಿ ಅವಳ ಧ್ವನಿಯ ಹಿಂದೆ ಒಂದು ಕೋಳಿ ಕೂಗುತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ಅವಳು ಒಂದು ಸಲ ಕೆಮ್ಮಿದಳು. ಕೆಮ್ಮಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಹೇಳಿದ್ದು ನನ್ನ ಅಕ್ಷರದಲ್ಲಿ ಮಾತ್ರ ಇದೆ.